ಬುಧವಾರದ ಮನೆ

ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ನಾವು ಮೊಟ್ಟಮೊದಲು ಕೇಳುವ ಮಾತು "ತಮ್ಮ ಊರು ಯಾವುದು?" ಎಂಬುದು. ಊರು ತಿಳಿದರೆ ಮನೆತನ ತಿಳಿಯುವುದು. ಮನೆತನ ತಿಳಿದರೆ ಮನುಷ್ಯನೂ ತಿಳಿದಂತೆಯೇ ಎಂದು ನಮ್ಮ ನಂಬಿಕೆ. ಇಷ್ಟು ಸಾಧುವಾದ ಪ್ರಶ್ನೆಯಲ್ಲಿ ಕ್ರೌರ್ಯವೂ ಅಡಗಿರಬಹುದೆಂದು ಅರುವತ್ತು ದಾಟುವವರೆಗೂ ನಾನು ಎಣಿಸಿರಲಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಒಂದು ಸಣ್ಣ ಕೊಠಡಿಯುಂಟು. ಎರಡು ವರ್ಷಗಳ ಹಿಂದೆ, ಆಷಾಢದ ಒಂದು ಸಂಜೆ, 19 ವರ್ಷದ ಹುಡುಗನೊಬ್ಬನು ಅದನ್ನು ಕೇಳಿಕೊಂಡು ಬಂದನು. ಬೀದಿಯ ಕೊನೆಯಲ್ಲಿ ಮೋಟಾರು ಸೈಕಲ್ಲುಗಳನ್ನು ದುರಸ್ತಿಮಾಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ಕೈಯ ಮಸಿಯನ್ನು ತೊಳೆದುಕೊಂಡು, ತಲೆ ಬಾಚಿಕೊಂಡು ಬಂದಿದ್ದನು. ನಾನು ವಾಡಿಕೆಯಂತೆ ಊರು ಯಾವುದೆಂದು ಕೇಳಿದೆನು. "ಗೊತ್ತಿಲ್ಲ, ಸಾರ್" ಎಂದನು. ತಂದೆತಾಯಿಗಳ ವಿಷಯಕ್ಕೂ ಅದೇ ಉತ್ತರ. ಆರು ವರ್ಷದವನಾಗಿದ್ದಾಗ ರೈಲು ನಿಲ್ದಾಣದಲ್ಲಿ ಯಾರಿಗೋ ಸಿಕ್ಕಿದವನು. ಮಕ್ಕಳ ಪಾಲನಾಲಯವೊಂದರಲ್ಲಿ ಬೆಳೆದವನು. 18 ತುಂಬಿದೊಡನೆ ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡು ಹೊರಗೆ ಬಂದವನು. ನಾನು "ವಿಚಾರಿಸಿ ಹೇಳುತ್ತೇನೆ" ಎಂದೆನು. ಗೃಹಸ್ಥರ ಭಾಷೆಯಲ್ಲಿ ಈ ಮಾತಿಗೆ ಏನರ್ಥವೆಂಬುದು ನನಗೂ ತಿಳಿದಿತ್ತು, ಅವನಿಗೂ ತಿಳಿದಿತ್ತು. ನಮಸ್ಕಾರ ಮಾಡಿ ಹೊರಟುಹೋದನು.

ಎಂಟು ದಿನಗಳ ಮೇಲೆ, ಮುಂಜಾನೆ ಹಾಲಿಗೆಂದು ಹೋದವನು, ಆ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ರಟ್ಟನ್ನು ಹಾಸಿಕೊಂಡು ಅವನು ಮುದುಡಿ ಮಲಗಿದ್ದುದನ್ನು ಕಂಡೆನು. ರಾತ್ರಿಯೆಲ್ಲ ಮಳೆ ಸುರಿದಿತ್ತು. ಮನೆಗೆ ಬಂದು, 88 ವರ್ಷದ ನನ್ನ ತಾಯಿಯವರೊಡನೆ ಈ ಸಂಗತಿಯನ್ನು ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಂದೆಗೆ ಬುಧವಾರದ ಮನೆ ಸಿಕ್ಕಿರಲಿಲ್ಲವಪ್ಪ" ಎಂದರು.

ಈ ಮಾತಿನ ಅರ್ಥವನ್ನು ಇಂದಿನ ಎಳೆಯರಿಗೆ ಬಿಡಿಸಿ ಹೇಳಬೇಕು. ನನ್ನ ತಂದೆ 1934ರಲ್ಲಿ ಹಾಸನದ ಕಡೆಯ ಹಳ್ಳಿಯೊಂದರಿಂದ ಓದುವುದಕ್ಕೆಂದು ಮೈಸೂರಿಗೆ ಬಂದರು. ಕೈಯಲ್ಲಿ ಕಾಸಿರಲಿಲ್ಲ. ಆಗ ಬಡ ವಿದ್ಯಾರ್ಥಿಗಳಿಗೆ ವಾರಾನ್ನವೆಂಬ ಏರ್ಪಾಡಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆಗಳಲ್ಲಿ ಊಟ. ತಂದೆಗೆ ಆರು ಮನೆಗಳು ದೊರೆತುವು. ಬುಧವಾರ ಯಾರೂ ಒಪ್ಪಲಿಲ್ಲ. ಎರಡು ವರ್ಷಗಳ ಕಾಲ ಪ್ರತಿ ಬುಧವಾರವೂ ಅವರಿಗೆ ನೀರೇ ಊಟ. ಆಮೇಲೆ ಸಂಸಾರಸ್ಥರಾದಾಗ, ಬುಧವಾರ ಬಾಗಿಲಿಗೆ ಬಂದ ಯಾರನ್ನೂ ಅವರು ಬರಿಹೊಟ್ಟೆಯಲ್ಲಿ ಕಳುಹಿಸಿದವರಲ್ಲ.

ಆದರೆ ಆ ಆರು ಬಾಗಿಲುಗಳು ತಂದೆಗೆ ತೆರೆದುದು ಹೇಗೆ? ನಾನು ಹುಡುಗನನ್ನು ಕೇಳಿದ ಅದೇ ಪ್ರಶ್ನೆಯಿಂದ! ಯಾವ ಊರು, ಯಾರ ಮಗ, ಯಾವ ಗೋತ್ರ ಎಂದು ಕೇಳಿದರು, ಉತ್ತರ ಒಪ್ಪಿಗೆಯಾಯಿತು, ಎಲೆ ಹಾಕಿದರು. ಉತ್ತರ ಒಪ್ಪಿಗೆಯಾಗದ ಹುಡುಗರಿಗೆ ಆ ಬೀದಿಯಲ್ಲಿ ಯಾವ ವಾರವೂ ಇರಲಿಲ್ಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟುದರ ಹಿರಿಮೆ ಇಲ್ಲಿಯೇ ಇರುವುದು. ನನ್ನ ತಂದೆಗೆ ಅನ್ನವಿಟ್ಟ ಪ್ರಶ್ನೆಯೇ ಈ ಹುಡುಗನನ್ನು ಮಳೆಯಲ್ಲಿ ಮಲಗಿಸಿತೆಂದು ತಿಳಿದಾಗ ನನಗೆ ನಾಚಿಕೆಯಾಯಿತು.

ಅಂದು ಸಂಜೆಯೇ ಹೋಗಿ ಅವನನ್ನು ಕರೆತಂದೆನು. ಬಾಡಿಗೆಯನ್ನು ಕಡಿಮೆಮಾಡುವೆನೆಂದರೆ ಅವನು ಒಪ್ಪಲಿಲ್ಲ. "ಬಾಡಿಗೆ ಕೊಡುತ್ತೇನೆ ಸಾರ್, ಮುಂಗಡ ಮಾತ್ರ ನನ್ನಿಂದಾಗದು" ಎಂದನು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ರೂಢಿ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗನು ಅಷ್ಟು ಹಣವನ್ನು ಎಲ್ಲಿಂದ ತಂದಾನು? ನಮ್ಮ ಮಕ್ಕಳಿಗಾದರೆ ನಾವು ಕೊಡುತ್ತೇವೆ. ಕೆಲಸವಿದ್ದೂ ಬೀದಿಯಲ್ಲಿ ಮಲಗುವುದು ಹೇಗೆಂಬುದು ನನಗೆ ಆಗ ಅರ್ಥವಾಯಿತು.

ಕಾನೂನು ಇಂತಹವರನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯಿದೆಯು 18 ತುಂಬಿ ಪಾಲನಾಲಯವನ್ನು ಬಿಡುವವರಿಗೆ ನೆರವನ್ನು ವಿಧಿಸಿದೆ. 2016ರ ಮಾದರಿ ನಿಯಮಗಳಂತೆ ಈ ನೆರವು 21ನೆಯ ವಯಸ್ಸಿನವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ, ದೊರೆಯಬಹುದು. ಆರರಿಂದ ಎಂಟು ಮಂದಿ ಸೇರಿ ಕೆಲಕಾಲ ಇರತಕ್ಕ ಮನೆಗಳ ಏರ್ಪಾಡೂ ಅದರಲ್ಲಿ ಹೇಳಿದೆ. 2022ರ ಮಿಷನ್ ವಾತ್ಸಲ್ಯ ಯೋಜನೆಯ ಮಾರ್ಗಸೂಚಿಯು ಇದಕ್ಕೆ ತಿಂಗಳಿಗೆ 4,000 ರೂಪಾಯಿಗಳನ್ನು ಗೊತ್ತುಮಾಡಿತು. ನಮ್ಮ ಹುಡುಗನಿಗೆ ಇದಾವುದೂ ತಿಳಿದಿರಲಿಲ್ಲ. ಕೇಳಲು ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವವರಿರಲಿಲ್ಲ. ನಾವಿಬ್ಬರೂ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿ ಬರೆದುಕೊಟ್ಟೆವು.

ಮನೆಬಿಟ್ಟ ಮಕ್ಕಳೆಲ್ಲರೂ ಪುಂಡರೆಂದು ನಾವು ತಿಳಿಯುತ್ತೇವೆ. ಪಾಲನಾಲಯದಲ್ಲಿ ತನ್ನ ಜೊತೆಗಿದ್ದವರ ಕಥೆಗಳನ್ನು ಅವನು ಹೇಳಿದಾಗ ನನ್ನ ಎಣಿಕೆ ಬದಲಾಯಿತು. ಒಬ್ಬನು ಕುಡುಕ ತಂದೆಯ ಹೊಡೆತಕ್ಕೆ ಹೆದರಿ ರೈಲು ಹತ್ತಿದವನು. ಒಬ್ಬನು ಪರೀಕ್ಷೆಯಲ್ಲಿ ತಪ್ಪಿದವನು. ಒಬ್ಬನು ಕೂಲಿಗೆ ಬಂದ ತಾಯಿ ಸತ್ತಮೇಲೆ ಉಳಿದವನು. ಇಂತಹ ಮಗುವನ್ನು, ಎಂದರೆ 18 ತುಂಬದವರನ್ನು, ಕಂಡಾಗ ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ದಯೆಯಲ್ಲ. 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು; ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗಾಗಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರತಕ್ಕದ್ದೆಂದು ಕಾಯಿದೆಯಿದೆ.

ದೊಡ್ಡವರಾದವರಿಗೆ ಬೇಕಾದುದು ಬೇರೆ. ಬಾಡಿಗೆಯ ಕರಾರುಪತ್ರವನ್ನು ಬರೆದುಕೊಟ್ಟ ದಿನ ಅವನು ಅದನ್ನು ಮೂರು ಸಲ ಓದಿದನು. ಆ ಕಾಗದದಿಂದ ಅವನಿಗೊಂದು ವಿಳಾಸವಾಯಿತು. ವಿಳಾಸದಿಂದ ಬ್ಯಾಂಕಿನ ಲೆಕ್ಕ, ಸಂಜೆಯ ತಾಂತ್ರಿಕ ತರಗತಿಯಲ್ಲಿ ಸ್ಥಳ. ಮಳೆಗಾಲದಲ್ಲಿ ಜ್ವರ ಬಂದಾಗ, "ಜ್ವರವೆಂದು ಹೇಳಿಕೊಳ್ಳುವುದಕ್ಕೆ ಒಬ್ಬರಿರುವುದು ಇದೇ ಮೊದಲು" ಎಂದು ನನ್ನ ಹೆಂಡತಿಯೊಡನೆ ಹೇಳಿದನಂತೆ. ಬುಧವಾರ ರಾತ್ರಿ ಮಾತ್ರ ಅವನು ನಮ್ಮಲ್ಲಿಯೇ ಊಟಮಾಡತಕ್ಕದ್ದೆಂದು ತಾಯಿಯವರ ಕಟ್ಟಪ್ಪಣೆ. ಕಾರಣವನ್ನು ಅವನು ಕೇಳಿಲ್ಲ, ಅವರೂ ಹೇಳಿಲ್ಲ.

ಎಲ್ಲವೂ ನೆಟ್ಟಗಾಯಿತೆಂದು ನಾನು ಹೇಳಲಾರೆನು. ಒಮ್ಮೆ ಕೆಲಸ ಬಿಟ್ಟನು, ಎರಡು ತಿಂಗಳು ಬಾಡಿಗೆ ನಿಂತಿತು, ನನಗೂ ಬೇಸರವಾಯಿತು. ನನ್ನ ಸ್ವಂತ ಮಗನೂ ಆ ವಯಸ್ಸಿನಲ್ಲಿ ಹಾಗೆಯೇ ಮಾಡಿದ್ದನೆಂದು ಹೆಂಡತಿ ನೆನಪಿಸಿದಳು. ಬಾಕಿಯನ್ನು ಅವನು ತೀರಿಸಿದ್ದಾನೆ.

ಅವನ ಜೊತೆಯಲ್ಲಿ ಬೆಳೆದ ಇನ್ನೊಬ್ಬನು ಈಗ 18 ತುಂಬಿ ಕೊಠಡಿಯನ್ನು ಹುಡುಕುತ್ತಿದ್ದಾನೆ. ನಮ್ಮ ಬೀದಿಯ ಮೂರು ಮನೆಗಳವರು "ವಿಚಾರಿಸಿ ಹೇಳುತ್ತೇವೆ" ಎಂದಿದ್ದಾರೆ. ನಾಲ್ಕನೆಯ ಮನೆಗೆ ನಾನೇ ಅವನ ಜೊತೆಯಲ್ಲಿ ಹೋಗುವವನಿದ್ದೇನೆ.