ವಿಮಾನ ಕಟ್ಟುವ ಗೆಳೆಯನಿಗೆ ಬುದ್ಧಿ ಹೇಳುವುದು ಹೇಗೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ನಮ್ಮ ಗೆಳೆಯ ವಿಮಾನ ಕಟ್ಟುತ್ತಿದ್ದಾನೆ. ಒಬ್ಬರೇ ಕೂರುವ ಪುಟ್ಟ ವಿಮಾನ. ಹಗಲು ಲೇತ್ ಕೆಲಸ, ರಾತ್ರಿ ಇದು. ಮಾಡೆಲ್ ವಿಮಾನದ ಹುಚ್ಚಿರುವ ನಾವು ನಾಲ್ಕು ಜನ ಭಾನುವಾರ ಅಲ್ಲಿ ಸೇರುತ್ತೇವೆ. ಅವನ ವೆಲ್ಡಿಂಗ್ ನೋಡಿದರೆ ಕಣ್ಣಿಗೆ ಹಬ್ಬ. ಆದರೆ ಹಟಮಾರಿ. ‘ಬೇಡ’ ಅಂದರೆ ಅದನ್ನೇ ಮಾಡುವ ಆಸಾಮಿ.

ಜಗಳ ಶುರುವಾದದ್ದು ಪೆಟ್ರೋಲ್ ಕಾಕ್‌ನಿಂದ. ಒಂದು ಟ್ಯಾಂಕ್ ಖಾಲಿಯಾದರೆ ಇನ್ನೊಂದಕ್ಕೆ ತಿರುಗಿಸುವ ಕಾಕ್ ಅದು. ನಕ್ಷೆಯಲ್ಲಿ ಪೈಲಟ್ ಎದುರಿಗಿದೆ, ಇವನು ಸೀಟಿನ ಹಿಂದೆ ಹಾಕಿದ್ದ. ‘ಪೈಪ್ ಕಾಲ ಹತ್ತಿರ ಬರಬಾರದು’ ಅಂತ ವಾದ. ವಾದ ಪೂರ್ತಿ ತಪ್ಪೂ ಅಲ್ಲ.

ಹಳೇ ಬೈಕ್ ಓಡಿಸಿದವರಿಗೆ ರಿಸರ್ವ್ ಗೊತ್ತು. ಮೊಣಕಾಲ ಹತ್ತಿರ ಕೈ ಹಾಕಿ ತಿರುಗಿಸಿದರೆ ಆಯ್ತು. ಅದೇ ಬೆನ್ನ ಹಿಂದೆ ಇದ್ದಿದ್ದರೆ?

ಅಮೆರಿಕದ ಹಾಡುಗಾರ ಜಾನ್ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸತ್ತದ್ದು ಇಂಥದ್ದರಲ್ಲೇ. ಲಾಂಗ್-ಈಜಿ ಎಂಬ ಮನೆಯಲ್ಲೇ ಕಟ್ಟುವ ವಿಮಾನ. ಕಟ್ಟಿದವರು ಕಾಕನ್ನು ನಕ್ಷೆಯಂತೆ ಮುಂದೆ ಇಡದೆ ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ಮೈ ತಿರುಚಬೇಕು, ಆಗ ಕಾಲು ರಡ್ಡರ್ ಒತ್ತಿಬಿಡುತ್ತದೆ. ವಿಮಾನ ಸಮುದ್ರಕ್ಕೆ ಬಿತ್ತು. ವಿನ್ಯಾಸ ಕೆಟ್ಟದ್ದೇನಲ್ಲ. ಅದನ್ನೇ ಆಧರಿಸಿ ನಮ್ಮ ಬೆಂಗಳೂರಿನ ಎನ್‌ಎಎಲ್ 1987ರಲ್ಲಿ ಒಂದು ಪುಟ್ಟ ವಿಮಾನ ಹಾರಿಸಿತ್ತು.

ಈ ಕತೆಗೂ ಗೆಳೆಯ ಬಗ್ಗಲಿಲ್ಲ. ನಾವು ಉಪದೇಶ ಬಿಟ್ಟೆವು. ಅವನನ್ನೇ ಸೀಟಿನಲ್ಲಿ ಕೂರಿಸಿ, ‘ಎಂಜಿನ್ ನಿಂತಿದೆ, ಸ್ಟಿಕ್ ಅಲುಗಿಸದೆ ಕಾಕ್ ತಿರುಗಿಸು’ ಅಂದೆವು. ಮೂರು ಸಲ ಮಾಡಿದ. ಮೂರು ಸಲವೂ ಸ್ಟಿಕ್ ಪಕ್ಕಕ್ಕೆ ಹೋಯಿತು. ಮಾತಾಡದೆ ಸ್ಪ್ಯಾನರ್ ಎತ್ತಿಕೊಂಡ. ಹಟಮಾರಿ ನಮ್ಮ ಮಾತು ಕೇಳದಿದ್ದರೂ ತಾನು ಮಾಡಿದ ಯಂತ್ರದ ಮಾತು ಕೇಳುತ್ತಾನೆ.

ಇನ್ನೊಂದು ತಕರಾರು ತೂಕದ್ದು. ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ. ವಿಮಾನವೂ ಹಾಗೇ. ಬಾಲ ಭಾರವಾದರೆ ಮೂತಿ ಮೇಲೆದ್ದು, ವೇಗ ಸತ್ತು, ಮತ್ತೆ ಕೆಳಗಿಳಿಸಲು ಆಗದೇ ಹೋಗಬಹುದು. ಪೈಲಟ್ ಕೂತಾಗ ಪ್ರತಿ ಚಕ್ರದ ಕೆಳಗೆ ತಕ್ಕಡಿ ಇಟ್ಟು ಲೆಕ್ಕ ಹಾಕಬೇಕು. ಅದಕ್ಕೆ ಇವನ ಉತ್ತರ: ‘ಮೊದಲು ಒಂದು ವಿಡಿಯೋ ಮಾಡಿ ಹಾಕಿ, ಆಮೇಲೆ ನೋಡೋಣ.’

ಅಲ್ಲಿ ನಾವು ಗಟ್ಟಿಯಾಗಿ ನಿಂತೆವು. ‘ತೂಕದ ಚೀಟಿ ತೋರಿಸುವ ತನಕ ಸುದ್ದಿಯೂ ಇಲ್ಲ, ವಿಡಿಯೋವೂ ಇಲ್ಲ’ ಅಂದೆವು. ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಫುಲ್‌ಸಾವಂಗಿ ಹಳ್ಳಿಯಲ್ಲಿ 24 ವರ್ಷದ ವೆಲ್ಡಿಂಗ್ ಹುಡುಗನೊಬ್ಬ ತಾನೇ ಹೆಲಿಕಾಪ್ಟರ್ ಕಟ್ಟಿದ್ದ. 2021ರ ಆಗಸ್ಟ್‌ನಲ್ಲಿ ನೆಲದ ಮೇಲೆ ಪರೀಕ್ಷೆ ಮಾಡುವಾಗಲೇ ಪಂಖ ಮುರಿದು, ಪೆಟ್ಟು ಬಿದ್ದು ತೀರಿಕೊಂಡ. ‘ಹಳ್ಳಿ ವಿಜ್ಞಾನಿ’ ಅಂತ ಶೀರ್ಷಿಕೆ ಬಿದ್ದ ಮೇಲೆ ‘ಯಾವಾಗ ಹಾರ್ತೀಯಾ?’ ಅನ್ನುವವರ ಸಾಲು ದೊಡ್ಡದಾಗುತ್ತದೆ. ಆ ಸಾಲಿಗೆ ನಾಚಿ ಹಾರಿದವನನ್ನು ಯಾರೂ ಹಿಡಿದು ನಿಲ್ಲಿಸಲಾಗದು.

ಕನಸು ಬಿಡು ಅಂತ ನಾವು ಹೇಳಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ಟೆರೇಸಿನ ಮೇಲೆ ಆರು ಸೀಟಿನ ವಿಮಾನ ಕಟ್ಟಿದವರು. 2016ರಲ್ಲಿ ಜನರಿಗೆ ತೋರಿಸಿದರು. ನೋಂದಣಿ ಆದದ್ದು 2017ರಲ್ಲಿ, ಪರೀಕ್ಷಾ ಹಾರಾಟಕ್ಕೆ ಡಿಜಿಸಿಎ ಅನುಮತಿ ಸಿಕ್ಕಿದ್ದು 2019ರಲ್ಲಿ. ಬರೀ ಕಾಗದಕ್ಕೇ ಅಷ್ಟು ವರ್ಷ. ಹಾರುವ ಆಸೆ ಇದ್ದವರು ಕಾದರು.

ನಮ್ಮ ಗೆಳೆಯನ ಕಾಕ್ ಈಗ ಮುಂದೆ ಬಂದಿದೆ. ತೂಕ ಇನ್ನೂ ಆಗಿಲ್ಲ. ಅವನು ನಮ್ಮೊಂದಿಗೆ ಮಾತು ಕಮ್ಮಿ ಮಾಡಿದ್ದಾನೆ. ಪರವಾಗಿಲ್ಲ, ಭಾನುವಾರ ನಾವು ಹೋಗುವುದನ್ನು ಬಿಟ್ಟಿಲ್ಲ.

ನಿಮ್ಮೂರಲ್ಲೂ ಇಂಥ ಹುಡುಗ ಇರಬಹುದು. ಅವನನ್ನು ನಗಬೇಡಿ, ಹುರಿದುಂಬಿಸಿ ಓಡಿಸಲೂ ಬೇಡಿ. ‘ಯಾವಾಗ ಹಾರ್ತೀಯಾ?’ ಅನ್ನುವ ಬದಲು ‘ತೂಕ ಹಾಕಿದ್ಯಾ?’ ಅಂತ ಕೇಳಿ.