ಕಡಲಿಗೆ ಮುಖ ಮಾಡಿದ ತಾಯಿ

“ಕಡಲೇ ನೋಡಬೇಕಿದ್ದರೆ ಹರಿಹರೇಶ್ವರ ಇರಲಿಲ್ಲವಾ?” ಎಂದರು ಎದುರುಮನೆಯ ವಹಿನಿ. ವಿಯೆಟ್ನಾಮಿನ ದಾನಾಂಗ್‌ನಿಂದ ತಂದ ತೆಂಗಿನಕಾಯಿ ಮಿಠಾಯಿಯನ್ನು ಅವರ ಕೈಗೆ ಇನ್ನೂ ಇಡುತ್ತಿದ್ದೆ, ಅಷ್ಟೆ.

ಪುಣೆಯವರಿಗೆ ಕಡಲೆಂದರೆ ಘಟ್ಟ ಇಳಿದರೆ ಸಿಗುವ ಕೊಂಕಣ. ಮೊದಲು ದೇವರು, ಆಮೇಲೆ ಮರಳು, ಊಟಕ್ಕೆ ಸೋಲಕಢಿ. ವಹಿನಿ ಹೇಳಿದ್ದೂ ಸರಿಯೇ. ಹರಿಹರೇಶ್ವರದ ಪ್ರದಕ್ಷಿಣೆಯಂಥದ್ದು ಇನ್ನೆಲ್ಲಿದೆ ಹೇಳಿ? ಕಡಲಂಚಿನ ಬಂಡೆಗಳ ಮೇಲೆ ಸುತ್ತಬೇಕು, ಅದೂ ನೀರು ಇಳಿದಾಗ ಮಾತ್ರ. ಗುಡಿಯ ಬಾಗಿಲು ತೆಗೆಯುವವರು ಅರ್ಚಕರು, ಪ್ರದಕ್ಷಿಣೆಯ ದಾರಿ ತೆಗೆಯುವವನು ಚಂದ್ರ.

ದಾನಾಂಗ್‌ನಲ್ಲಿ ಮೀ ಖೆ ಕಿನಾರೆಯ ಮರಳಿನಲ್ಲಿ ಎಲ್ಲಿ ನಿಂತರೂ ಕಣ್ಣು ಸೋನ್ ಚಾ ಗುಡ್ಡದತ್ತಲೇ ಹೋಗುತ್ತಿತ್ತು. ಅಲ್ಲಿ 67 ಮೀಟರ್ ಎತ್ತರದ ಬಿಳಿಯ ತಾಯಿ, ಬೆನ್ನು ಗುಡ್ಡಕ್ಕೆ, ಮುಖ ಕಡಲಿಗೆ. ಹೆಸರು ಕ್ವಾನ್ ಆಮ್. ಯಾರಿವಳು ಅಂತೀರಿ? ನಮ್ಮ ಅವಲೋಕಿತೇಶ್ವರ! ಇಲ್ಲಿಂದ ಬೋಧಿಸತ್ವನಾಗಿ ಹೊರಟವನು ಚೀನಾದಲ್ಲಿ ಹೆಣ್ಣಾದ, ತಾಯಿಯಾದ. ಹಡಗು ಬಿರುಗಾಳಿಗೆ ಸಿಕ್ಕವರು ನೆನೆದರೆ ಕಾಯುತ್ತಾನೆಂದು ಸದ್ಧರ್ಮಪುಂಡರೀಕ ಸೂತ್ರವೇ ಹೇಳುತ್ತದೆ. ಹಾಗಿದ್ದಮೇಲೆ ಮೀನುಗಾರರು ಬಿಟ್ಟಾರೆಯೇ? ಆ ದೊಡ್ಡ ಮುಖ ನೋಡುತ್ತಿದ್ದ ನನಗೆ ನೆನಪಾದದ್ದು ಮಂಗಳೂರಿನ ಕದ್ರಿ. ಅಲ್ಲಿ ಮೂರು ಮುಖ, ಆರು ಕೈಯ ಲೋಕೇಶ್ವರ ಇದ್ದಾನಲ್ಲ, ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಕಂಚಿನ ವಿಗ್ರಹ, ಅವನೂ ಇದೇ ಅವಲೋಕಿತೇಶ್ವರ. ಅಲ್ಲೂ ಗುಡ್ಡ, ಅಲ್ಲೂ ಕಡಲು.

ದಾನಾಂಗ್‌ಗೆ ಹೋದವರು ಮೀ ಸೋನ್ ಬಿಟ್ಟು ಬರಬಾರದು. ಕಾಡಿನ ನಡುವೆ ಚಾಮ್ ದೊರೆಗಳ ಇಟ್ಟಿಗೆ ಗೋಪುರಗಳು. ನಾಲ್ಕನೇ ಶತಮಾನದಲ್ಲಿ ಅಲ್ಲಿ ಶಿವನನ್ನು ನೆಲೆಗೊಳಿಸಿದವನು ಭದ್ರವರ್ಮ, ಶಿವನ ಹೆಸರು ಭದ್ರೇಶ್ವರ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ಕಟ್ಟಿಸಿದ ಗುಡಿ ವಿಜಯೇಶ್ವರ ಆಗಲಿಲ್ಲವೇ, ಹಾಗೆ. ಚಾಮ್ ಶಾಸನಗಳ ಕಾಲಗಣನೆಯೂ ಶಕ ವರ್ಷದ್ದೇ. “ಈ ಶಕೆಯೇ?” ಎಂದು ವಹಿನಿ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನತ್ತ ಕೈ ತೋರಿದರು. ಅದೇ ಶಕೆ. ಅವರ ಮುಖ ಅರಳಿದ್ದು ನೋಡಿ ನನಗೆ ಇನ್ನಷ್ಟು ಹೇಳುವ ಹುರುಪು ಬಂತು.

ಮೀನುಗಾರರ ಮಾತು ಅರ್ಧಕ್ಕೇ ಬಿಟ್ಟೆ, ನೋಡಿ. ಲೋಣಾವಳದ ಹತ್ತಿರ ಕಾರ್ಲಾ ಗವಿಗಳಿವೆಯಲ್ಲ, ಆ ಬೌದ್ಧ ಚೈತ್ಯದ ಬಾಯಲ್ಲೇ ಏಕವೀರಾ ದೇವಿಯ ಗುಡಿ. ಚೈತ್ರದ ಜಾತ್ರೆಗೆ ಕರಾವಳಿಯ ಕೋಳಿ ಸಮುದಾಯದ ಮೀನುಗಾರರು ಬೆಟ್ಟ ಹತ್ತಿ ಬರುತ್ತಾರೆ. ಅಲೆಯ ಸದ್ದೂ ಕೇಳದ ಸಹ್ಯಾದ್ರಿಯಲ್ಲಿ ಕಡಲಿನವರ ತಾಯಿ! ಆ ಚೈತ್ಯವನ್ನು ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅಲ್ಲಿಯ ಶಾಸನದಲ್ಲಿದೆ. ವೈಜಯಂತಿ ಅಂದರೆ ನಮ್ಮ ಬನವಾಸಿ ಎನ್ನುತ್ತಾರೆ ವಿದ್ವಾಂಸರು. ಮೊದಲ ಸಲ ಅದನ್ನು ತಿಳಿದ ದಿನ, ಪುಣೆಯಲ್ಲಿ ಇಷ್ಟು ವರ್ಷ ಪರಸ್ಥಳದವರಂತೆ ಇದ್ದೆವಲ್ಲ ಎನಿಸಿ ಗಂಟಲು ತುಂಬಿ ಬಂದಿತ್ತು.

ವಹಿನಿ ಎದ್ದು ಕಾಲನಿರ್ಣಯದ ಹಾಳೆ ಮಗುಚಿದರು. ಅಮಾವಾಸ್ಯೆ ಹುಡುಕುತ್ತಿದ್ದರು, ಅಮಾವಾಸ್ಯೆ-ಹುಣ್ಣಿಮೆಗೆ ಕಡಲು ತುಂಬ ದೂರ ಹಿಂದೆ ಸರಿಯುತ್ತದೆ.

“ಶನಿವಾರ ಬರುತ್ತೆ. ಪ್ರದಕ್ಷಿಣೆ ಪೂರ್ತಿ ಮಾಡಬಹುದು. ನೀವೂ ಬನ್ನಿ, ದಾರಿಗೆ ದಶಮಿ ರೊಟ್ಟಿ ಕಟ್ಟಿಕೊಳ್ಳೋಣ.”