ಪ್ಲೇಟ್‌ಲೆಟ್ ಹೆಚ್ಚಾದರೆ ಏನು ಮಾಡೋದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ನಾಲ್ಕು ತಾಲ್ಲೂಕಿನ ನಾವು ನಾಲ್ವರು ಹಾಸ್ಟೆಲ್‌ನ ಒಂದೇ ರೂಮಿನವರು. ಡೆಂಗಿ ಬಂದರೆ ಪ್ಲೇಟ್‌ಲೆಟ್ ಇಳಿಯೋದು, ಪಪ್ಪಾಯಿ ಎಲೆ ರಸ ಕುಡಿಸೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೆಚ್ಚಾಗೋದೂ ಒಂದು ಕಾಯಿಲೆ ಅಂತ ತಿಳಿದದ್ದು ಸಿಂದಗಿಯವನ ಆಯಿಯ ರಿಪೋರ್ಟಿನಲ್ಲಿ 11 ಲಕ್ಷ ಕಂಡಾಗ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇರಬೇಕಾದದ್ದು 1.5ರಿಂದ 4.5 ಲಕ್ಷ. "ಅಂಗಾಲು ಕೆಂಡದ ಮ್ಯಾಲ ಇಟ್ಟಂಗ ಆಗ್ತೈತಿ" ಅಂತಿದ್ದರು ಆಯಿ.

ಕಾಯಿಲೆಯ ಹೆಸರು ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ. ಮೂಳೆಮಜ್ಜೆ ತಡೆಯಿಲ್ಲದೆ ಪ್ಲೇಟ್‌ಲೆಟ್ ತಯಾರಿಸುತ್ತಲೇ ಇರುತ್ತದೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಜಾಕ್2 ಎಂಬ ಜೀನ್ ಬದಲಾಗಿರುತ್ತದೆ. ಉರಿಗಿಂತ ದೊಡ್ಡ ಭಯ ರಕ್ತ ಹೆಪ್ಪುಗಟ್ಟೋದು: ಪಾರ್ಶ್ವವಾಯು, ಹೃದಯಾಘಾತ. 60 ದಾಟಿದವರಿಗೆ ಅಪಾಯ ಜಾಸ್ತಿ.

ಡಾಕ್ಟರು ಸಣ್ಣ ಡೋಸಿನ ಆಸ್ಪಿರಿನ್ ಜೊತೆಗೆ ಹೈಡ್ರಾಕ್ಸಿಯೂರಿಯಾ ಬರೆದರು. ಅದು ಹಳೇ ಔಷಧಿ, ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ. ಅನಾಗ್ರೆಲೈಡ್ ಹೊಸದು, ಮುಖ್ಯವಾಗಿ ಪ್ಲೇಟ್‌ಲೆಟ್ ತಯಾರಿಯನ್ನಷ್ಟೇ ತಡೆಯುತ್ತದೆ, ಬೆಲೆಯೂ ಹೆಚ್ಚು. ಹಾಗಾದರೆ ಹೊಸದೇ ಯಾಕೆ ಬೇಡ? ಆ ವಾರ ನಮ್ಮ ರೂಮಿನಲ್ಲಿ ಇದೇ ಚರ್ಚೆ.

ಉತ್ತರ 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಿಟಿ-1 ಅಧ್ಯಯನದಲ್ಲಿತ್ತು. ಹೆಚ್ಚು ಅಪಾಯದ 809 ರೋಗಿಗಳು, ಎಲ್ಲರಿಗೂ ಆಸ್ಪಿರಿನ್. ಜೊತೆಗೆ ಅರ್ಧ ಜನಕ್ಕೆ ಇದು, ಅರ್ಧ ಜನಕ್ಕೆ ಅದು. ದಿನ ಕಳೆದಂತೆ ಎರಡೂ ಗುಂಪಿನಲ್ಲಿ ಪ್ಲೇಟ್‌ಲೆಟ್ ಸಮನಾಗಿ ಇಳಿಯಿತು. ಆದರೂ ಅಪಧಮನಿಯ ಹೆಪ್ಪು, ಗಂಭೀರ ರಕ್ತಸ್ರಾವ, ಮಜ್ಜೆ ನಾರುಗಟ್ಟೋದು ಅನಾಗ್ರೆಲೈಡ್ ಗುಂಪಿನಲ್ಲೇ ಹೆಚ್ಚು. ಅಭಿಧಮನಿಯ ಹೆಪ್ಪು ಮಾತ್ರ ಕಡಿಮೆ. 2013ರಲ್ಲಿ 259 ರೋಗಿಗಳ ಇನ್ನೊಂದು ಅಧ್ಯಯನ ಅನಾಗ್ರೆಲೈಡ್ ಕೀಳಲ್ಲ ಎಂದಿತು. ಹಾಗಾಗಿ ಮೊದಲನೆಯದು ಒಗ್ಗದವರಿಗೆ ಅದೂ ಒಂದು ದಾರಿ. ಬಸುರಿಯರಿಗೆ ಹೈಡ್ರಾಕ್ಸಿಯೂರಿಯಾ ಕೊಡುವುದಿಲ್ಲ. ಔಷಧಿ ಬೇಕೇ ಬೇಕಾದರೆ ಇಂಟರ್‌ಫೆರಾನ್ ಚುಚ್ಚುಮದ್ದು.

ಇಂಜಿನಿಯರಿಂಗ್ ಓದುವ ನಮಗೆ ಇದರಲ್ಲಿ ಒಂದು ಪಾಠ ಇದೆ. ಮೀಟರಿನ ಅಂಕಿ ಸರಿಹೋದರೆ ಯಂತ್ರ ಸರಿಹೋಯಿತು ಅಂತಲ್ಲ. ನಾವು ಅಳೆಯೋದು ಪ್ಲೇಟ್‌ಲೆಟ್, ಕಾಪಾಡಬೇಕಾದದ್ದು ಮಿದುಳು, ಹೃದಯ.

ಈಗ ಆಯಿಯ ಕೌಂಟ್ 4 ಲಕ್ಷದ ಆಸುಪಾಸು. ಉರಿ ಹೋಗಿದೆ. ಹೊಸ ತಕರಾರು ಬೇರೆ: "ಆರಾಮ ಅದೀನಿ, ಇನ್ನ ಗುಳಗಿ ಯಾಕ?" ಗುಳಗಿ ಬಿಟ್ಟರೆ ಕೌಂಟ್ ಮತ್ತೆ ಏರುತ್ತದೆ, ನುಂಗುತ್ತಿದ್ದರೂ ಬಿಳಿ ಕಣ ತೀರಾ ಇಳಿಯದಂತೆ ಆಗಾಗ ರಕ್ತ ಪರೀಕ್ಷೆ ಬೇಕು. ಅದಕ್ಕೇ ಭಾನುವಾರ ರಾತ್ರಿ ನಾಲ್ವರೂ ಸರದಿಯಲ್ಲಿ ಫೋನ್ ಹಿಡಿದು ಕೇಳ್ತೀವಿ: "ಆಯಿ, ಗುಳಗಿ ತಗೊಂಡ್ರೇನು?"